ಕೆಳಗಿನ ಟ್ಯಾಂಕಿಗೆ ಮೊದಲು

ಆ ಮನೆಯ ಜಗಳಗಳೆಲ್ಲ ಹುಟ್ಟುತ್ತಿದ್ದುದು ಛಾವಣಿಯ ಮೇಲಿದ್ದ ಒಂದು ಗೇಣುದ್ದದ ಹಿಡಿಕೆಯಿಂದ. ಹಿತ್ತಲಿನ ಸಂಪಿನಲ್ಲಿ ತುಂಬಿದ ನೀರನ್ನು ಮೋಟರು ಮೇಲಕ್ಕೆ ತಳ್ಳುತ್ತಿತ್ತು. ಮೇಲೆ ಎರಡು ಕಪ್ಪು ಟ್ಯಾಂಕುಗಳು, ಒಂದು ಕೆಳಮನೆಯದು, ಒಂದು ಮಹಡಿಮನೆಯದು. ಹಿಡಿಕೆಯನ್ನು ಎಡಕ್ಕೆ ತಿರುಗಿಸಿದರೆ ನೀರು ಕೆಳಮನೆಯ ಟ್ಯಾಂಕಿಗೆ ಬೀಳುತ್ತಿತ್ತು, ಬಲಕ್ಕೆ ತಿರುಗಿಸಿದರೆ ಮಹಡಿಮನೆಯದಕ್ಕೆ. ಹಿಡಿಕೆಯದು ಒಂದೇ ದುರ್ಗುಣ. ತನ್ನನ್ನು ತಿರುಗಿಸಿದವರು ಯಾರೆಂದು ಅದು ಬಾಯಿ ಬಿಡುತ್ತಿರಲಿಲ್ಲ.

ಕೆಳಮನೆಯಲ್ಲಿ ತಮ್ಮನ ಸಂಸಾರ. ಅವನು ಬಸ್ ಓಡಿಸುತ್ತಿದ್ದ. ಅವನ ಹೆಂಡತಿ ಕಚೇರಿ ಕಚೇರಿಗೆ ಊಟದ ಡಬ್ಬಿ ಕಟ್ಟಿ ಕಳಿಸುತ್ತಿದ್ದಳು. ಬೀದಿಗೆಲ್ಲ ಅವಳು ಡಬ್ಬಿಯಮ್ಮ. ಅವರ ಒಬ್ಬನೇ ಮಗ ಇಂಜಿನಿಯರಿಂಗ್ ಓದುತ್ತಿದ್ದ. ಅತ್ತೆಯ, ಅಂದರೆ ಹುಡುಗನ ಅಜ್ಜಿಯ ಮಂಚವೂ ಕೆಳಮನೆಯಲ್ಲೇ ಇತ್ತು. ಮಹಡಿಯಲ್ಲಿ ಅಣ್ಣ ಅತ್ತಿಗೆ. ಅಣ್ಣ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದರು, ಅತ್ತಿಗೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ, ಹಾಗಾಗಿ ಕೆಳಮನೆಯ ಹುಡುಗನೇ ಎರಡೂ ಮನೆಯ ಹುಡುಗ. ಡಬ್ಬಿಯಮ್ಮನಿಗೆ ಇದು ಸಂತೋಷದ ಸಂಗತಿಯೇ, ಆದರೆ ಪೂರ್ತಿ ಸಂತೋಷದ್ದಲ್ಲ. ಓರಗಿತ್ತಿ ಅವನಿಗೆ ಹೊಸ ಅಂಗಿ ತಂದಾಗಲೆಲ್ಲ ಇವಳು ಅಂಗಿಯ ಒಳಗೂ ಹೊರಗೂ ತಿರುಗಿಸಿ ನೋಡುತ್ತಿದ್ದಳು. ಏನು ಹುಡುಕುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಬೆಳಕು ಹರಿಯುವ ಮೊದಲೇ ಅವಳ ಒಲೆ ಉರಿಯಬೇಕು. ಅಕ್ಕಿ ತೊಳೆಯಬೇಕು, ತರಕಾರಿ ತೊಳೆಯಬೇಕು, ಹಿಂದಿನ ದಿನ ವಾಪಸಾದ ಡಬ್ಬಿಗಳ ಜಿಡ್ಡು ಹೋಗುವ ತನಕ ಉಜ್ಜಬೇಕು. ಅಂಥ ಹೊತ್ತಿನಲ್ಲಿ ನಲ್ಲಿ ತಿರುಗಿಸಿದರೆ ನೀರಿನ ಬದಲು ಗಾಳಿ ಕೆಮ್ಮುತ್ತಿತ್ತು. ಅವಳು ಸೌಟು ಹಿಡಿದೇ ಮೆಟ್ಟಿಲ ಬುಡಕ್ಕೆ ಬರುತ್ತಿದ್ದಳು.

"ಅಕ್ಕಾ, ಹಿಡಿಕೆ ಯಾರು ತಿರುಗಿಸಿದ್ದು?"

ಮೇಲಿನಿಂದ ಉತ್ತರ ಬರುತ್ತಿತ್ತು. "ನನಗೇನು ಗೊತ್ತು? ಗಾಳಿಗೆ ತಿರುಗಿರಬೇಕು."

"ಗಾಳಿಗೂ ನಿಮ್ಮ ಟ್ಯಾಂಕೇ ಕಾಣ್ಸುತ್ತೆ ಪಾಪ."

"ಮೊನ್ನೆ ನಿನ್ನ ಕಡೆ ತಿರುಗಿಸಿದ್ದೂ ಅದೇ ಗಾಳಿನೇ. ಆವತ್ತು ನಾನು ಕೇಳೋಕೆ ಬಂದ್ನಾ?"

ಗಂಡಸರಿಬ್ಬರೂ ಇಂಥ ಹೊತ್ತಿನಲ್ಲಿ ಕಿವಿ ಕೇಳದವರಾಗಿಬಿಡುತ್ತಿದ್ದರು. ಅಣ್ಣ ಪತ್ರಿಕೆಯ ಹಿಂದೆ, ತಮ್ಮ ಬಚ್ಚಲಿನ ಒಳಗೆ.

ಮಗನ ವಿದ್ಯೆ ಈ ಜಗಳದ ನಡುವೆಯೇ ಮೊಳೆಯಿತು. ಮೊದಲ ವರ್ಷ ಅವನು ಪುಸ್ತಕ ಹಿಡಿದು ತೂಕಡಿಸಿದ್ದೇ ಹೆಚ್ಚು. ಎರಡನೇ ವರ್ಷ ಕಾಲೇಜಿನ ರೋಬೋಟ್ ಕ್ಲಬ್ಬಿಗೆ ಸೇರಿದ ಮೇಲೆ ಅದೇನಾಯಿತೋ, ಊಟಕ್ಕೆ ಕರೆದರೆ "ಒಂದೇ ನಿಮಿಷ" ಎಂದು ಅನ್ನ ತಣ್ಣಗಾಗುವ ತನಕ ಕೂರತೊಡಗಿದ. ಮಹಡಿಯ ದೊಡ್ಡಪ್ಪ ತಮ್ಮ ಹಳೆಯ ಲ್ಯಾಪ್‌ಟಾಪನ್ನು ಅವನಿಗೇ ಕೊಟ್ಟುಬಿಟ್ಟರು. ಒಂದು ಸಂಜೆ ಅಂಗೈಯಗಲದ ಬೋರ್ಡೊಂದನ್ನು ಊಟದ ಮೇಜಿನ ಮೇಲಿಟ್ಟು, ಎರಡೂ ಮನೆಯವರನ್ನು ಕೂಗಿ ಕರೆದ. ಬೋರ್ಡಿನ ಮೂಲೆಯಲ್ಲಿ ಕಾಳಿನಷ್ಟು ಕೆಂಪು ದೀಪ ಹೊತ್ತಿತು, ಆರಿತು, ಮತ್ತೆ ಹೊತ್ತಿತು.

"ಅಷ್ಟೇನಾ?" ಎಂದ ಅಪ್ಪ.

"ನಾನು ಬರೆದ ಹಾಗೇ ಹೊತ್ತಿ ಆರ್ತಾ ಇದೆ ಅಪ್ಪ."

"ಸ್ವಿಚ್ ಒತ್ತಿದ್ರೂ ಹೊತ್ತುತ್ತಿತ್ತಲ್ಲೋ."

ದೊಡ್ಡಪ್ಪ ಮಾತ್ರ ಕನ್ನಡಕ ಏರಿಸಿ ಪರದೆಯನ್ನು ನೋಡಿದರು. ಸಾಲಿನ ಕೊನೆಯ ಒಂದು ಅರ್ಧವಿರಾಮ ಬಿಟ್ಟರೂ ಪ್ರೋಗ್ರಾಂ ಓಡುವುದಿಲ್ಲ ಎಂದು ಹುಡುಗ ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು. "ನಮ್ಮ ಪ್ರೆಸ್ಸಿನವರಿಗಿಂತ ಇದೇ ವಾಸಿ," ಎಂದರು. ಅಂದಿನಿಂದ ಅವನು ಅವರ ಬಾಯಲ್ಲಿ ಇಂಜಿನಿಯರ್ ಸಾಹೇಬರಾದ.

ದೀಪದ ನಂತರ ಮೂರು ಚಕ್ರದ ಒಂದು ಬಂಡಿ ಬಂತು. ನೆಲಕ್ಕೆ ಕಪ್ಪು ಟೇಪು ಅಂಟಿಸಿ, ಬಂಡಿ ಆ ಗೆರೆಯನ್ನೇ ಹಿಡಿದು ಅಡುಗೆಮನೆಯಿಂದ ಅಜ್ಜಿಯ ಮಂಚದವರೆಗೆ ಹೋಗುವ ಹಾಗೆ ಬರೆದಿದ್ದ. ತಿರುವಿನಲ್ಲಿ ಅದು ಗೆರೆ ತಪ್ಪಿ, ಸೀದಾ ಮಂಚದ ಕೆಳಗೆ ನುಗ್ಗಿ, ಅಜ್ಜಿಯ ಚಪ್ಪಲಿಯನ್ನು ಎಳೆದುಕೊಂಡು ಹೊರಟಿತು. ಅಜ್ಜಿ ಊರುಗೋಲಿನಿಂದ ಒಂದು ಬಾರಿಸಿದರು. ಅಲ್ಲಿಗೆ ಬಂಡಿಯ ಕಥೆ ಮುಗಿಯಿತು. "ನನ್ನ ಮನೇಲಿ ನನಗೇ ಹೇಳದೆ ಓಡಾಡೋ ಸಾಮಾನು ಬೇಡ," ಎಂದು ಕಟ್ಟಪ್ಪಣೆ ಮಾಡಿದರು.

ಭಾನುವಾರ ಎರಡೂ ಮನೆಯವರು ಕೆಳಗೆ ಒಟ್ಟಿಗೇ ಊಟ ಮಾಡುವುದು ವಾಡಿಕೆ. ಒಂದು ಭಾನುವಾರ ಹುಡುಗ ತಟ್ಟೆಯ ಅಂಚಿನಲ್ಲೇ ಬೆರಳಿನಿಂದ ಚಿತ್ರ ಬರೆಯುತ್ತ ಮಾತು ತೆಗೆದ. ಗುಜರಿಯಲ್ಲಿ ಕಾರಿನ ಕಿಟಕಿಯ ಗಾಜು ಏರಿಸುವ ಮೋಟರು ಸಿಕ್ಕಿದೆ. ಅದಕ್ಕೊಂದು ಕಬ್ಬಿಣದ ಕೈ ಬೆಸುಗೆ ಹಾಕಿಸಿ ಛಾವಣಿಯ ಹಿಡಿಕೆಗೆ ಜೋಡಿಸುತ್ತೇನೆ. ಎರಡೂ ಟ್ಯಾಂಕಿನ ಒಳಗೆ ತಳದಲ್ಲೊಂದು ಜೋಡಿ, ಮೇಲೊಂದು ಜೋಡಿ ತಂತಿ ಇಳಿಬಿಡುತ್ತೇನೆ. ಯಾವ ಟ್ಯಾಂಕಿನ ತಳದ ತಂತಿ ಒಣಗುತ್ತದೋ ಕೈ ಆ ಕಡೆ ತಿರುಗಿ, ಸಂಪಿನ ಮೋಟರು ತಾನೇ ಚಾಲೂ ಆಗುತ್ತದೆ. ಮೇಲಿನ ತಂತಿ ಒದ್ದೆಯಾದರೆ ತಾನೇ ನಿಲ್ಲುತ್ತದೆ.

"ಯಾರೂ ಮೇಲೆ ಹತ್ತೋ ಹಾಗೇ ಇಲ್ಲ," ಎಂದ.

"ಯಾರೂ ಹತ್ತೋ ಹಾಗಿಲ್ಲ ಅಂದ್ರೆ ಒಳ್ಳೇದೇ," ಎಂದಳು ಓರಗಿತ್ತಿ, ಡಬ್ಬಿಯಮ್ಮನ ಕಡೆ ನೋಡದೆ.

"ಹತ್ತೋರಿಗೆ ಮಾತ್ರ ಕಷ್ಟ," ಎಂದಳು ಡಬ್ಬಿಯಮ್ಮ, ಓರಗಿತ್ತಿಯ ತಟ್ಟೆಗೆ ಅನ್ನ ಬಡಿಸುತ್ತ.

ದೊಡ್ಡಪ್ಪ ತುತ್ತು ನುಂಗಿ ಕೇಳಿದರು. "ಎರಡೂ ಟ್ಯಾಂಕು ಒಟ್ಟಿಗೇ ಖಾಲಿಯಾದ್ರೆ?"

"ಸರದಿ ದೊಡ್ಡಪ್ಪ. ಒಂದು ಸಲ ನಿಮಗೆ ಮೊದಲು, ಒಂದು ಸಲ ನಮಗೆ ಮೊದಲು. ಹೋದ ಸಲ ಯಾರಿಗೆ ಅಂತ ಅದೇ ನೆನಪಿಟ್ಕೊಳ್ಳುತ್ತೆ."

"ನೆನಪಿಟ್ಕೊಳ್ಳೋರು ಈ ಮನೇಲಿ ಮೊದಲೇ ಜಾಸ್ತಿ ಇದಾರೆ," ಎಂದರು ಅಜ್ಜಿ.

ಮರುದಿನ ಮಧ್ಯಾಹ್ನ ಹುಡುಗ ಹಿತ್ತಲಿನಲ್ಲಿ ತಂತಿಯ ತುದಿ ಕೆರೆಯುತ್ತ ಕೂತಿದ್ದ. ಡಬ್ಬಿಯಮ್ಮ ಡಬ್ಬಿ ಉಜ್ಜುವ ನೆಪದಲ್ಲಿ ಪಕ್ಕದಲ್ಲೇ ಕೂತಳು.

"ಆ ಸರದಿ ಗಿರದಿ ಎಲ್ಲ ಯಾಕೋ? ಎರಡೂ ಖಾಲಿಯಾದ್ರೆ ಕೆಳಗಿನ ಟ್ಯಾಂಕಿಗೆ ಮೊದಲು ಅಂತ ಒಂದು ಸಾಲು ಬರೆದುಬಿಡು."

"ಅಮ್ಮ."

"ಏನು ಅಮ್ಮ? ನನ್ನ ಡಬ್ಬಿ ಹೊತ್ತಿಗೆ ಸರಿಯಾಗಿ ಹೊರಡಬೇಕೋ ಬೇಡ್ವೋ? ಅವರಿಗೇನು, ಇಬ್ಬರು ಸ್ನಾನ ಮಾಡಿ ಆಫೀಸಿಗೆ ಹೋಗ್ತಾರೆ. ಉಳಿದ ನೀರು ಹೂವಿನ ಕುಂಡಕ್ಕೆ."

"ದೊಡ್ಡಮ್ಮನಿಗೆ ಹೇಳಿ ಮಾಡೋಣ ಹಾಗಾದ್ರೆ."

"ಹೇಳಿದ್ರೆ ಅವಳು ಒಪ್ತಾಳಾ? ಹೇಳೋದಾಗಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ? ನೀನು ಬರೆದಿದ್ದನ್ನ ಓದೋಕೆ ಈ ಮನೇಲಿ ಯಾರಿಗೆ ಬರುತ್ತೆ?"

ಹುಡುಗ ತಂತಿಯನ್ನೇ ನೋಡುತ್ತಿದ್ದ. ಅವಳು ಬಿಡಲಿಲ್ಲ. ಹೆತ್ತವಳಿಗಿಂತ ಲ್ಯಾಪ್‌ಟಾಪ್ ಕೊಟ್ಟವರು ಹೆಚ್ಚಾದರೇ ಎಂದು ಕೇಳಿದಳು. ಆ ಮಾತು ಆಡಬಾರದಿತ್ತು ಎಂದು ಆಡಿದ ಕೂಡಲೇ ಅನಿಸಿತು, ಆದರೂ ವಾಪಸು ತೆಗೆದುಕೊಳ್ಳಲಿಲ್ಲ.

"ಆಯ್ತಮ್ಮ," ಎಂದ ಹುಡುಗ.

ಕಬ್ಬಿಣದ ಕೈ ಛಾವಣಿಗೆ ಏರಿತು. ಅದು ತಿರುಗುವಾಗ ಮುದುಕರು ಕುರ್ಚಿಯಿಂದ ಏಳುವಾಗಿನ ಹಾಗೆ ಒಂದು ನರಳಿಕೆ ಕೇಳಿಸುತ್ತಿತ್ತು. ಎಡಕ್ಕೆ ತಿರುಗಿದರೆ ಸಣ್ಣ ನರಳಿಕೆ, ಬಲಕ್ಕೆ ತಿರುಗಿದರೆ ಉದ್ದದ್ದು. ಕೈ ಹಿಡಿದ ಹಿಡಿಕೆಯನ್ನು ಯಾರೂ ಮುಟ್ಟಕೂಡದು, ಮುಟ್ಟಿದರೆ ಒಳಗಿನ ಹಲ್ಲು ಮುರಿಯುತ್ತದೆ ಎಂದು ಹುಡುಗ ಎರಡೂ ಮನೆಗೆ ತಾಕೀತು ಮಾಡಿದ. ಮೊದಲ ಕೆಲವು ವಾರ ಮನೆ ತಣ್ಣಗಿತ್ತು. ಮೆಟ್ಟಿಲ ಬುಡದಲ್ಲಿ ಜಗಳವಿಲ್ಲದೆ ಅಜ್ಜಿಗೆ ಹೊತ್ತು ಹೋಗುವುದೇ ಕಷ್ಟವಾಯಿತು. ಆ ದಿನಗಳಲ್ಲೇ ಒಮ್ಮೆ ಜೋರು ಗಾಳಿ ಬೀಸಿ ಮಹಡಿಮನೆಯ ಟ್ಯಾಂಕಿನ ಮುಚ್ಚಳ ಹಾರಿ ಬೀದಿಗೆ ಬಿದ್ದು ಒಡೆಯಿತು. ಹೊಸ ಮುಚ್ಚಳ ತರಬೇಕಾದವರು ತಾವಲ್ಲ ಎಂದು ಎರಡೂ ಮನೆಯವರೂ ಅಂದುಕೊಂಡರು. ಕೊನೆಗೆ ದೊಡ್ಡಪ್ಪ ಹತ್ತಿ ಒಂದು ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಕಲ್ಲು ಹೇರಿ ಬಂದರು.

ಆಮೇಲೆ ಮಹಡಿಮನೆಯ ನಲ್ಲಿ ಕೆಮ್ಮತೊಡಗಿತು. ಮೊದಲು ಒಂದು ದಿನ, ನಾಲ್ಕಾರು ದಿನ ಬಿಟ್ಟು ಇನ್ನೊಂದು ದಿನ, ಆಮೇಲೆ ದಿನ ಬಿಟ್ಟು ದಿನ, ಕೊನೆಗೆ ದಿನವೂ. ಕೆಳಮನೆಯ ಟ್ಯಾಂಕು ಯಾವಾಗ ನೋಡಿದರೂ ತುಂಬಿರುತ್ತಿತ್ತು. ಮೋಟರಿನ ಸದ್ದು ಕೇಳುತ್ತಿತ್ತೇ ಹೊರತು, ಕೈ ಬಲಕ್ಕೆ ತಿರುಗುವ ಉದ್ದದ ನರಳಿಕೆ ಕೇಳಿಯೇ ಬಹಳ ದಿನವಾಗಿತ್ತು.

ಡಬ್ಬಿಯಮ್ಮನಿಗೆ ಕಾರಣ ಗೊತ್ತಿತ್ತು. ಯಾರಿಗೂ ಹೇಳದ ಕಾರಣ, ಹಾಗಾಗಿ ಇನ್ನಷ್ಟು ರುಚಿ. ನಲ್ಲಿಯ ಕೆಳಗೆ ಕೊಡಪಾನ ಇಟ್ಟು, ದಪ್ಪ ಧಾರೆ ಬೀಳುವುದನ್ನು ನೋಡುತ್ತ, ನನ್ನ ಮಗ ನನ್ನ ಕಡೆಯವನೇ ಎಂದುಕೊಂಡಳು. ಆ ಸುಖಕ್ಕೆ ಒಂದೇ ಒಂದು ಅಡ್ಡಿ. ನಸುಕಿನಲ್ಲಿ ಓರಗಿತ್ತಿ ಹಿತ್ತಲಿಗೆ ಬಂದು, ಸಂಪಿನಿಂದ ಬಕೆಟಿನಲ್ಲಿ ನೀರು ಸೇದಿ, ಮೆಟ್ಟಿಲು ಹತ್ತುತ್ತಿದ್ದಳು. ಬಕೆಟಿನ ಹಿಡಿ ಸಡಿಲವಾಗಿತ್ತು. ಮೆಟ್ಟಿಲಿಗೊಮ್ಮೆ ಅದು ಟಣಕ್ ಎನ್ನುತ್ತಿತ್ತು. ಡಬ್ಬಿಯಮ್ಮ ಒಲೆಯ ಮುಂದೆ ನಿಂತು ಒಂದೊಂದು ಟಣಕ್ಕನ್ನೂ ಕೇಳಬೇಕಾಗುತ್ತಿತ್ತು.

ಒಂದು ದಿನ ಓರಗಿತ್ತಿ ಬಕೆಟ್ ಕೆಳಗಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ನಿನ್ನ ನಲ್ಲಿ ಚೆನ್ನಾಗಿ ಬರ್ತಾ ಇದೆಯಲ್ಲ."

"ಏನೋ ಅಕ್ಕ, ಬರುತ್ತೆ."

"ಮೊದಲು ಹಿಡಿಕೆ ತಿರುಗಿಸಿದ್ರೆ ಯಾರೋ ತಿರುಗಿಸಿದ್ರು ಅಂತನಾದ್ರೂ ಗೊತ್ತಾಗ್ತಿತ್ತು. ಈಗ ಯಾರನ್ನ ಕೇಳಬೇಕು ಹೇಳು. ಆ ಕಬ್ಬಿಣದ ಕೈನಾ?"

"ಮಷೀನು ತಾನೇ ಅಕ್ಕ. ಅದಕ್ಕೇನು ನಮ್ಮೋರು ನಿಮ್ಮೋರು ಅಂತ ಇರುತ್ತಾ?"

"ಅದಕ್ಕಿರಲ್ಲ," ಎಂದು ಓರಗಿತ್ತಿ ಬಕೆಟ್ ಎತ್ತಿಕೊಂಡಳು. "ಅದಕ್ಕೆ ಹೇಳಿಕೊಟ್ಟೋರಿಗೆ ಇರುತ್ತೆ."

ಹುಡುಗ ಮಾತ್ರ ದಿನವೂ ಲ್ಯಾಪ್‌ಟಾಪಿನ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದ. ಕಾಲೇಜಿನಿಂದ ಬಂದವನು ಚೀಲವನ್ನೂ ಇಳಿಸದೆ ಸಾಲು ಸಾಲು ಮೇಲಿನಿಂದ ಕೆಳಗೆ ನೋಡುತ್ತಿದ್ದ. "ಎಲ್ಲೋ ತಪ್ಪು ಬರೆದಿದೀನಿ. ಎಲ್ಲಿ ಅಂತ ಸಿಗ್ತಿಲ್ಲ," ಎನ್ನುತ್ತಿದ್ದ. ಕ್ಲಬ್ಬಿನ ಗೆಳೆಯರಿಗೆ ಫೋನು ಮಾಡುತ್ತಿದ್ದ. ಡಬ್ಬಿಯಮ್ಮ ಬಾಗಿಲ ಸಂದಿಯಿಂದ ನೋಡಿ ಬೆರಗಾಗುತ್ತಿದ್ದಳು. ಎಷ್ಟು ಚೆನ್ನಾಗಿ ನಾಟಕವಾಡುತ್ತಾನೆ ನನ್ನ ಮಗ! ಒಮ್ಮೆ ಚಹಾ ಕೊಡುವಾಗ ಅವನಿಗೆ ಕಣ್ಣು ಮಿಟುಕಿಸಿದಳು.

"ಕಣ್ಣಿಗೇನಾಯ್ತಮ್ಮ? ಹೊಗೆನಾ?" ಎಂದು ಕೇಳಿದ ಹುಡುಗ.

ಅವಳಿಗೆ ಇನ್ನಷ್ಟು ಹೆಮ್ಮೆಯಾಯಿತು. ಇನ್ನೊಂದು ದಿನ ಅವನು ಏಣಿ ಹಿಡಿದು ಟ್ಯಾಂಕಿನ ಒಳಗೇ ನೋಡಿ ಬರುತ್ತೇನೆಂದು ಹೊರಟಾಗ ಅವಳೇ ತಡೆದಳು. ಏಣಿ ಅಲ್ಲಾಡುತ್ತದೆ, ಪರೀಕ್ಷೆ ಹತ್ತಿರ ಬಂತು, ಸುಮ್ಮನೆ ಓದಿಕೋ ಎಂದಳು. ನಾಟಕಕ್ಕೂ ಒಂದು ಮಿತಿ ಬೇಡವೇ? ಹುಡುಗನೂ ಹೆಚ್ಚು ಹಟ ಮಾಡಲಿಲ್ಲ. ತಪ್ಪು ತಾನು ಬರೆದ ಸಾಲಿನಲ್ಲೇ ಇದೆ ಎಂದು ಅವನ ತಲೆಗೆ ಹೊಕ್ಕುಬಿಟ್ಟಿತ್ತು.

ಗಂಡ ಒಂದು ಸಂಜೆ ಸಮವಸ್ತ್ರ ಕಳಚುತ್ತ ಕೇಳಿದ. "ನೀನೇನಾದ್ರೂ ಅವನ ಕಿವಿ ಊದಿದೀಯಾ?"

"ನಾನ್ಯಾಕೆ ಊದಲಿ?"

"ಅಣ್ಣ ನನ್ನ ಮುಖ ನೋಡಿ ಮಾತಾಡ್ತಿಲ್ಲ ಅದಕ್ಕೆ ಕೇಳ್ದೆ."

"ಅವರ ಹೆಂಡತಿ ಅವರ ಕಿವಿ ಊದಿರಬೇಕು. ಹೋಗಿ ಅಲ್ಲಿ ಕೇಳಿ."

ಅವನು ಹೋಗಲಿಲ್ಲ. ಆ ವಾರ ಮಹಡಿಯವರು ಭಾನುವಾರದ ಊಟಕ್ಕೆ ಇಳಿಯಲಿಲ್ಲ. ತಲೆನೋವು ಎಂದು ಹೇಳಿ ಕಳಿಸಿದರು. ಅದರ ಮುಂದಿನ ಭಾನುವಾರವೂ ತಲೆನೋವೇ. "ಇಬ್ಬರಿಗೂ ಒಂದೇ ತಲೆನಾ?" ಎಂದು ಅಜ್ಜಿ ಕೇಳಿದರು. ಹುಡುಗ ಎರಡು ತಟ್ಟೆ ಎತ್ತಿಕೊಂಡು ಮಹಡಿಗೆ ಹೋದ. ಹೋದ ಹಾಗೇ ತಟ್ಟೆ ಹಿಡಿದು ವಾಪಸು ಬಂದ. ಅವನ ಮುಖ ಸಣ್ಣದಾಗಿತ್ತು.

"ದೊಡ್ಡಮ್ಮ ನನ್ನ ಹತ್ರ ಮಾತಾಡ್ಲಿಲ್ಲ," ಎಂದ.

ಆ ದಿನ ಡಬ್ಬಿಯಮ್ಮನಿಗೆ ಅನ್ನ ಇಳಿಯಲಿಲ್ಲ.

ಪರೀಕ್ಷೆ ಮುಗಿದ ಭಾನುವಾರ ಮಹಡಿಯವರು ಕರೆಯದೇ ಇಳಿದು ಬಂದರು. ದೊಡ್ಡಪ್ಪನ ಕಿವಿಯ ಮೇಲೆ ಕರಡು ತಿದ್ದುವ ಕೆಂಪು ಪೆನ್ಸಿಲ್ ಇತ್ತು. ಮೇಜಿನ ತುದಿಯಲ್ಲಿ ಕೂತು, ಲ್ಯಾಪ್‌ಟಾಪ್ ತರಿಸಿದರು.

"ಇಂಜಿನಿಯರ್ ಸಾಹೇಬ್ರೆ, ನೀವು ಬರೆದಿರೋದನ್ನ ನಮಗೆ ಓದಿ ಹೇಳಬೇಕು. ನಮ್ಮ ಮಾತಲ್ಲಿ. ಒಂದು ಸಾಲೂ ಬಿಡಬಾರದು."

"ಈಗಲೇನಾ ದೊಡ್ಡಪ್ಪ? ಊಟ ಆದ್ಮೇಲೆ?"

"ಊಟ ಎಲ್ಲಿಗೂ ಹೋಗಲ್ಲ."

ಡಬ್ಬಿಯಮ್ಮ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಒಲೆಯ ಮೇಲೆ ಬೇಳೆ ಉಕ್ಕುತ್ತಿದ್ದರೂ ಅವಳ ಕಾಲು ಕದಲಲಿಲ್ಲ. ಗಂಡ ಬಚ್ಚಲ ಕಡೆ ನೋಡಿದ, ಆದರೆ ಅಣ್ಣ ದಾರಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡಿದ್ದರು. ಓರಗಿತ್ತಿ ಹುಡುಗನ ಎದುರೇ ಕೂತಿದ್ದಳು, ಕೌಂಟರಿನ ಆಚೆ ನಿಂತವರ ಸಹಿ ನೋಡುವಾಗಿನ ಅದೇ ಕಣ್ಣಿನಲ್ಲಿ.

ಹುಡುಗ ಗಂಟಲು ಸರಿಮಾಡಿಕೊಂಡು ಓದಿದ. ಮೇಲಿನ ಟ್ಯಾಂಕಿನ ತಳದ ತಂತಿ ನೋಡು. ಕೆಳಗಿನ ಟ್ಯಾಂಕಿನ ತಳದ ತಂತಿ ನೋಡು. ಎರಡೂ ಒದ್ದೆ ಇದ್ದರೆ ಸುಮ್ಮನಿರು. ಮೇಲಿನದು ಮಾತ್ರ ಒಣಗಿದ್ದರೆ ಕೈ ಬಲಕ್ಕೆ. ಕೆಳಗಿನದು ಮಾತ್ರ ಒಣಗಿದ್ದರೆ ಕೈ ಎಡಕ್ಕೆ. ಪ್ರತಿ ಸಾಲಿಗೂ ದೊಡ್ಡಪ್ಪ "ಹೂಂ" ಎನ್ನುತ್ತಿದ್ದರು. ಉಯಿಲು ಓದುವ ದಿನವೂ ಯಾರೂ ಅಷ್ಟು ಕಿವಿಗೊಟ್ಟಿರಲಿಕ್ಕಿಲ್ಲ.

"ಎರಡೂ ಒಣಗಿದ್ದರೆ," ಎಂದು ಓದಿ ಹುಡುಗ ಪರದೆಯನ್ನು ಮುಂದಿನ ಸಾಲಿಗೆ ಸರಿಸಿದ.

ಡಬ್ಬಿಯಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಎರಡೂ ಒಣಗಿದ್ದರೆ, ಹೋದ ಸಲ ಯಾರಿಗೆ ಮೊದಲು ಬಿಟ್ಟೆ ಅಂತ ನೋಡು. ಈ ಸಲ ಇನ್ನೊಬ್ಬರಿಗೆ ಮೊದಲು ಬಿಡು."

"ಆಮೇಲೆ?"

"ಆಮೇಲೆ ಮೇಲಿನ ತಂತಿ ಒದ್ದೆಯಾದ್ರೆ ನಿಲ್ಲು. ಮತ್ತೆ ಮೊದಲಿಂದ. ಅಷ್ಟೇ ದೊಡ್ಡಪ್ಪ."

ದೊಡ್ಡಪ್ಪ ಪೆನ್ಸಿಲನ್ನು ಮೇಜಿನ ಮೇಲಿಟ್ಟರು. "ಇದರಲ್ಲಿ ತಪ್ಪಿಲ್ಲ," ಎಂದು ಹೆಂಡತಿಯ ಕಡೆ ನೋಡಿದರು.

"ಅವನು ಓದಿದ್ದರಲ್ಲಿ ತಪ್ಪಿಲ್ಲ," ಎಂದಳು ಓರಗಿತ್ತಿ. "ಓದದೇ ಬಿಟ್ಟಿದ್ದು ಏನಾದ್ರೂ ಇದ್ರೆ? ಮಗಾ, ಇಲ್ಲಿ ನನ್ನ ಮುಖ ನೋಡು. ಯಾವ ಸಾಲೂ ಬಿಟ್ಟಿಲ್ಲ ತಾನೇ?"

ಹುಡುಗ ತಲೆಯೆತ್ತಿ ಅವಳ ಕಣ್ಣನ್ನೇ ನೋಡಿದ. ರೆಪ್ಪೆ ಬಡಿಯಲಿಲ್ಲ, ದನಿ ನಡುಗಲಿಲ್ಲ. "ಇಲ್ಲ ದೊಡ್ಡಮ್ಮ," ಎಂದ.

ಅಷ್ಟು ಸಲೀಸಾಗಿ ಹೇಳಿಬಿಟ್ಟ. ಎಳೆತನದಲ್ಲಿ ಲೋಟ ಒಡೆದರೂ ತಾನೇ ಓಡಿ ಬಂದು ಅಳುತ್ತ ಹೇಳುತ್ತಿದ್ದ ಹುಡುಗ, ತನ್ನನ್ನು ಎತ್ತಿ ಆಡಿಸಿದವಳ ಮುಖ ನೋಡಿ ಇಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾನೆ! ಡಬ್ಬಿಯಮ್ಮನಿಗೆ ಭಯವಾಯಿತು. ನೀರಿನ ಭಯವಲ್ಲ, ಓರಗಿತ್ತಿಯ ಭಯವೂ ಅಲ್ಲ. ಇದನ್ನು ಕಲಿಸಿದವಳು ತಾನು ಎಂಬ ಭಯ.

"ಸಾಕು ಮಾಡೋ," ಎಂದಳು. "ಬಿಟ್ಟಿರೋ ಸಾಲು ಓದು."

ಎಲ್ಲರೂ ಬಾಗಿಲ ಕಡೆ ತಿರುಗಿದರು.

"ಯಾವ ಸಾಲಮ್ಮ?"

"ನಾಟಕ ಸಾಕು ಅಂದ್ನಲ್ಲ. ಕೆಳಗಿನ ಟ್ಯಾಂಕಿಗೆ ಮೊದಲು ಅನ್ನೋ ಸಾಲು. ಅವನದು ತಪ್ಪಿಲ್ಲ ಅಕ್ಕ. ನಾನೇ ಬರೆಸಿದ್ದು. ಹಿತ್ತಲಲ್ಲಿ ಕೂತು, ಯಾರಿಗೂ ಗೊತ್ತಾಗಲ್ಲ ಅಂತ ಹೇಳಿ ಬರೆಸಿದ್ದು."

ಹುಡುಗ ಬಾಯಿ ತೆರೆದು ಅವಳನ್ನೇ ನೋಡಿದ. "ಅಮ್ಮ, ಅದನ್ನ ನಾನು ಬರೆದೇ ಇಲ್ಲ."

"ಆಯ್ತಮ್ಮ ಅಂದ್ಯಲ್ಲೋ?"

"ನೀನು ಸುಮ್ಮನಾಗ್ಲಿ ಅಂತ ಅಂದೆ."

ಡಬ್ಬಿಯಮ್ಮನ ಕೈಯ ಸೌಟಿನಿಂದ ಬೇಳೆ ತೊಟ್ಟಿಕ್ಕಿ ಅವಳ ಪಾದದ ಮೇಲೆ ಬೀಳುತ್ತಿತ್ತು. ಅವಳಿಗೆ ಬಿಸಿ ತಗುಲಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ ಎಂಬ ಸಮಾಧಾನ ಮೊದಲು ಬಂತು. ಅದರ ಬೆನ್ನಿಗೇ ಇನ್ನೊಂದು ಬಂತು. ಅವನು ತನ್ನ ಕಡೆ ಆಗಿರಲೇ ಇಲ್ಲ. ಇಷ್ಟು ವಾರ ದಪ್ಪ ಧಾರೆ ನೋಡಿ ತಾನು ಹಿಗ್ಗಿದ್ದೆಲ್ಲ ತನ್ನದೇ ಭ್ರಮೆ. ಕದ್ದಿಲ್ಲದ ಕಳ್ಳತನವನ್ನು ತಾನೇ ತುಂಬಿದ ಮನೆಯಲ್ಲಿ ಒಪ್ಪಿಕೊಂಡು ನಿಂತಿದ್ದಳು.

"ನಾನು ಬರೆದೆ ಅಂತ ನೀನು ನಂಬಿಬಿಟ್ಟಿದ್ಯಾ?" ಎಂದು ಹುಡುಗ ಕೇಳಿದ.

ಅಜ್ಜಿ ಮಂಚದ ಮೇಲಿಂದ ಒಂದೇ ಮಾತು ಹೇಳಿದರು. "ಮೊದಲು ಆ ಬೇಳೆ ಇಳಿಸೇ, ತಳ ಹತ್ತಿದ ವಾಸನೆ ಬರ್ತಿದೆ."

ಗಂಡಸರು ಮೂವರೂ ಛಾವಣಿಗೆ ಹತ್ತಿದರು. ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಹರಿದು ಚಿಂದಿಯಾಗಿತ್ತು. ಟ್ಯಾಂಕಿನ ಒಳಗೆ ಬಿಸಿಲು ಬಿದ್ದೂ ಬಿದ್ದೂ ಪಾಚಿ ಬೆಳೆದು, ತಳದ ಎರಡು ತಂತಿಗಳನ್ನೂ ಒಂದಾಗಿ ಸುತ್ತಿಕೊಂಡಿತ್ತು. ನೀರು ಖಾಲಿಯಾದರೂ ಪಾಚಿಯ ಲೋಳೆ ಒಣಗುತ್ತಿರಲಿಲ್ಲ, ಹಾಗಾಗಿ ಬೋರ್ಡು ಇನ್ನೂ ನೀರಿದೆ ಎಂದೇ ತಿಳಿಯುತ್ತಿತ್ತು. ಹುಡುಗ ಹಸಿರು ಉಂಡೆಯೊಂದನ್ನು ಕೈಯಲ್ಲಿ ಹಿಡಿದು ಇಳಿದು ಬಂದ. "ಕೋಡಿನಲ್ಲೇ ಹುಡುಕ್ತಾ ಕೂತೆ. ಒಂದು ಸಲ ಹತ್ತಿ ನೋಡಿದ್ರೆ ಆಗ್ತಿತ್ತು," ಎಂದ. ಅವನು ಹತ್ತಲು ಹೊರಟಾಗ ತಡೆದವರು ಯಾರೆಂದು ಹೇಳಲಿಲ್ಲ. ಹೇಳದಿದ್ದುದು ಡಬ್ಬಿಯಮ್ಮನಿಗೆ ಹೇಳಿದ್ದಕ್ಕಿಂತ ಜೋರಾಗಿ ಕೇಳಿಸಿತು.

ಓರಗಿತ್ತಿ ಆ ದಿನ ಊಟ ಮಾಡಿ, ತಟ್ಟೆ ತೊಳೆದಿಟ್ಟು ಮಹಡಿಗೆ ಹೋದಳು. ಡಬ್ಬಿಯಮ್ಮ ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದಳು. ಬೈಗುಳ ಬರಲಿಲ್ಲ. ಮರುದಿನವೂ ಇಲ್ಲ. ಆ ವಾರವೆಲ್ಲ ಓರಗಿತ್ತಿ ಎದುರಾದರೆ ನಗುತ್ತಿದ್ದಳು. ಒಂದು ದಿನ ಅಂಚೆ ಕಚೇರಿಯಿಂದ ಬರುವಾಗ ಸೊಪ್ಪು ತಂದು ಕೊಟ್ಟಳು. ಡಬ್ಬಿಯಮ್ಮ ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ ನೋಡಿದಳು. ಒಳ್ಳೆಯ ಸೊಪ್ಪೇ. ಅದರಿಂದ ಅವಳ ಅನುಮಾನ ಇನ್ನೂ ಹೆಚ್ಚಾಯಿತು.

"ಒಳಗೊಳಗೇ ಕತ್ತಿ ಮಸೀತಾ ಇದಾಳೆ," ಎಂದಳು ಗಂಡನ ಹತ್ತಿರ.

"ಸೊಪ್ಪು ತಿನ್ನು," ಎಂದ ಗಂಡ.

ಮುಂದಿನ ಭಾನುವಾರ ಹೊಸ ಮುಚ್ಚಳ ಬಂತು. ತಂದವರು ದೊಡ್ಡಪ್ಪ. ಹುಡುಗ ತಂತಿಗಳನ್ನು ದೂರ ದೂರ ಕಟ್ಟಿ ಕಬ್ಬಿಣದ ಕೈಗೆ ಎಣ್ಣೆ ಹಾಕಿದ. ಊಟ ಮುಗಿದ ಮೇಲೆ ಓರಗಿತ್ತಿ ಕೈ ಒರೆಸಿಕೊಳ್ಳುತ್ತ ಹೇಳಿದಳು. "ಮಗಾ, ಆ ಲ್ಯಾಪ್‌ಟಾಪ್ ತಗೊಂಡು ಬಾ. ಒಂದು ಸಾಲು ಸೇರಿಸಬೇಕು."

ಡಬ್ಬಿಯಮ್ಮನ ಕೈಯಲ್ಲಿ ತಟ್ಟೆಗಳ ರಾಶಿ ಇತ್ತು. ಇಡಲೂ ಆಗಲಿಲ್ಲ, ಒಯ್ಯಲೂ ಆಗಲಿಲ್ಲ.

"ಬೆಳಗ್ಗೆ ಹೊತ್ತು ಎರಡೂ ಖಾಲಿಯಿದ್ರೆ ಕೆಳಗಿನ ಟ್ಯಾಂಕಿಗೆ ಮೊದಲು ಅಂತ ಬರಿ. ಎಲ್ಲರ ಮುಂದೆ ಬರಿ. ಬರೆದು ಜೋರಾಗಿ ಓದು."

ಹುಡುಗ ಅಮ್ಮನ ಕಡೆ ನೋಡಿದ, ದೊಡ್ಡಪ್ಪನ ಕಡೆ ನೋಡಿದ. ಬರೆದ. ಓದಿದ.

"ಇನ್ನೊಂದು ಸಲ ಓದು," ಎಂದಳು ಓರಗಿತ್ತಿ. "ನಿಮ್ಮಮ್ಮನಿಗೆ ಕೇಳಿಸಿರಲಿಕ್ಕಿಲ್ಲ."

"ಕೇಳಿಸ್ತು ಅಕ್ಕ," ಎಂದಳು ಡಬ್ಬಿಯಮ್ಮ.

"ನೀನು ಬಾಯಿಬಿಟ್ಟು ಕೇಳಿದ್ರೆ ಆವತ್ತೇ ಕೊಡ್ತಿದ್ದೆ. ನಿನ್ನ ಡಬ್ಬಿ ಹೊತ್ತಿಗೆ ಹೋಗ್ಬೇಕು ಅಂತ ನನಗೆ ಗೊತ್ತಿಲ್ವಾ? ಕದಿಯೋ ಆಸೆ ನಿನಗೆ. ಅದೂ ಕೈಗೆ ಹತ್ತಲಿಲ್ಲ."

ಅಜ್ಜಿ ಮಂಚದ ಮೇಲೆ ಸದ್ದಿಲ್ಲದೆ ಮೈ ಕುಲುಕಿಸಿ ನಕ್ಕರು. ದೊಡ್ಡಪ್ಪ ಕೆಂಪು ಪೆನ್ಸಿಲಿನ ತುದಿಯಿಂದ ಪರದೆ ತೋರಿಸಿ, ಸಾಲಿನ ಕೊನೆಯ ಅರ್ಧವಿರಾಮ ಬಿಟ್ಟಿದೆ ಎಂದರು. ಹುಡುಗ ಹಾಕಿದ.

ಇದು ಕೊಟ್ಟ ಹಾಗೋ, ಹೊಡೆದ ಹಾಗೋ ಡಬ್ಬಿಯಮ್ಮನಿಗೆ ತಿಳಿಯಲಿಲ್ಲ. ಪಾತ್ರೆ ತೊಳೆಯುವಾಗ ಯೋಚಿಸಿದಳು, ಹಾಸಿಗೆ ಹಾಸುವಾಗಲೂ ಯೋಚಿಸಿದಳು. ಒಳ್ಳೆಯ ಮನಸ್ಸಿನಿಂದ ಕೊಟ್ಟಿದ್ದರೆ ಇನ್ನೊಂದು ಸಲ ಓದು ಅಂತ ಯಾಕೆ ಅನ್ನಬೇಕು? ಸೇಡಿಗೆ ಕೊಟ್ಟಿದ್ದರೆ ನೀರು ಯಾಕೆ ಕೊಡಬೇಕು?

ಕೆಲವು ದಿನಗಳ ನಂತರ ಒಂದು ನಸುಕಿನಲ್ಲಿ ಎರಡೂ ಟ್ಯಾಂಕು ಒಟ್ಟಿಗೇ ಬರಿದಾದವು. ಡಬ್ಬಿಯಮ್ಮ ಒಲೆಯ ಮುಂದೆ ಅಕ್ಕಿಯ ಪಾತ್ರೆ ಹಿಡಿದು ಕಿವಿ ಮೇಲೆತ್ತಿ ನಿಂತಳು. ಛಾವಣಿಯಲ್ಲಿ ಸಣ್ಣ ನರಳಿಕೆ ಕೇಳಿಸಿತು. ಕೈ ಎಡಕ್ಕೆ ತಿರುಗಿತು. ನಲ್ಲಿಯಲ್ಲಿ ದಪ್ಪ ಧಾರೆ ಬಿತ್ತು. ಅದೇ ನೀರು, ಅದೇ ಧಾರೆ, ಅವಳು ಅಂದು ಬೇಡಿದ್ದೂ ಅದನ್ನೇ. ಆದರೆ ಅವಳ ಕೈ ಅಕ್ಕಿಗೆ ಹೋಗಲಿಲ್ಲ. ಮಹಡಿಯಲ್ಲಿ ನಲ್ಲಿ ಕೆಮ್ಮುವುದು ಅವಳಿಗೆ ಕೇಳಿಸಿತು.

ಮೆಟ್ಟಿಲ ಕೆಳಗೆ ಓರಗಿತ್ತಿಯ ಬಕೆಟ್ ಹಾಗೇ ಇತ್ತು. ಅದನ್ನು ತಂದು ನಲ್ಲಿಯ ಕೆಳಗಿಟ್ಟು ತುಂಬಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದಳು. ಮೆಟ್ಟಿಲಿಗೊಮ್ಮೆ ಹಿಡಿ ಟಣಕ್ ಎಂದಿತು. ಬಾಗಿಲು ತಟ್ಟುವ ಮೊದಲೇ ಬಾಗಿಲು ತೆರೆಯಿತು.

ಓರಗಿತ್ತಿ ಬಕೆಟಿನ ಕಡೆ ನೋಡಿದಳು, ಆಮೇಲೆ ಅವಳ ಮುಖ ನೋಡಿದಳು.

"ಏನೇ ಇದು?"

"ನೀರು ಅಕ್ಕ."

"ಕಾಣ್ತಾ ಇದೆ. ಏನು ವಿಷಯ?"

"ಏನೂ ಇಲ್ಲ."

"ಏನೂ ಇಲ್ಲದೆ ನೀನು ಈ ಮೆಟ್ಟಿಲು ಹತ್ತೋಳಲ್ಲ," ಎಂದಳು ಓರಗಿತ್ತಿ. ಬಗ್ಗಿ ನೀರನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಹಿಡಿಯ ಒಂದು ಬದಿಗೆ ಕೈ ಹಾಕಿದಳು, ಇನ್ನೊಂದು ಬದಿಯನ್ನು ಡಬ್ಬಿಯಮ್ಮ ಬಿಡಲಿಲ್ಲ. ಇಬ್ಬರೂ ಸೇರಿ ಬಕೆಟನ್ನು ಒಳಗೆ ಇಟ್ಟರು.